ಕೊಟ್ಟ ಶಕ್ತಿಗೆ ಬಡ್ಡಿ ಕಟ್ಟುವವರು ಯಾರು?

ಪ್ರಶ್ನೆ: ಮೊನ್ನೆ ನಾನೂ ನನ್ನ ಮಗಳೂ ಕೂತು ‘ಎಡಕಲ್ಲು ಗುಡ್ಡದ ಮೇಲೆ’ ನೋಡಿದೆವು. ಆ ಕಾಲಕ್ಕೆ ಅದೆಂಥ ಧೈರ್ಯದ ಸಿನಿಮಾ ಎಂದು ನಾನು ಹೇಳಿದರೆ, ‘ಅಮ್ಮಾ, ಅವಳಿಗೂ ಆಸೆ ಇದೆ ಅಂತ ತೋರಿಸಿ ಕೊನೆಗೆ ಅದಕ್ಕೇ ಶಿಕ್ಷೆ ಕೊಟ್ಟಿದಾರಲ್ಲ’ ಅಂದಳು. ಅದೇ ಮಗಳು ಐಟಂ ಸಾಂಗ್ ಬಂದಾಗ ‘ಅವಳ ಮೈ, ಅವಳಿಷ್ಟ, ಅದೂ ಒಂದು ಪವರ್ರೇ’ ಅನ್ನುತ್ತಾಳೆ. ನನಗೆ ಆ ಹಾಡು ನೋಡಿದರೆ ಮುಜುಗರ, ಸಿಟ್ಟು ಎರಡೂ ಬರುತ್ತದೆ. ಸಿನಿಮಾ ಹೆಣ್ಣಿನ ಕಾಮವನ್ನು ತೋರಿಸುವ ರೀತಿ ಶಕ್ತಿಯೋ ಶೋಷಣೆಯೋ? ನಮ್ಮಂಥ ಸಾಮಾನ್ಯ ಪ್ರೇಕ್ಷಕರು ಅದನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮಿಬ್ಬರ ಜಗಳದಲ್ಲಿ ನಾನು ಯಾರ ಪರವೂ ಪೂರ್ತಿ ನಿಲ್ಲಲಾರೆ. ‘ಎಡಕಲ್ಲು’ ವಿಷಯದಲ್ಲಿ ಮಗಳ ಮಾತಿಗೆ ತೂಕ ಜಾಸ್ತಿ, ಐಟಂ ಹಾಡಿನ ವಿಷಯದಲ್ಲಿ ನಿಮ್ಮದಕ್ಕೆ. ವಿದ್ಯಾರ್ಥಿಗಳಿಗೆ ಸಿನಿಮಾ ಪಾಠ ಮಾಡುವಾಗ ನಾನು ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳುತ್ತೇನೆ: ಈ ಶಕ್ತಿಯನ್ನು ಅವಳಿಗೆ ಕೊಟ್ಟವರು ಯಾರು, ಕೊನೆಗೆ ಅದರ ಲೆಕ್ಕ ಚುಕ್ತಾ ಮಾಡುವವರು ಯಾರು? ನಮ್ಮ ಬಹುಪಾಲು ಚಿತ್ರಗಳಲ್ಲಿ ಹೆಣ್ಣಿನ ಕಾಮ ಸಾಲದ ದುಡ್ಡು. ಇಂಟರ್‌ವಲ್‌ವರೆಗೆ ಧಾರಾಳವಾಗಿ ಕೊಟ್ಟು ಕ್ಲೈಮ್ಯಾಕ್ಸ್‌ನಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ. ಹೀಗಾಗಿ ಶಕ್ತಿಯ ಸಿನಿಮಾ ಒಂದು, ಶೋಷಣೆಯ ಸಿನಿಮಾ ಇನ್ನೊಂದು ಎಂದು ವಿಂಗಡಿಸಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಒಂದೇ ಚಿತ್ರದಲ್ಲಿ, ಕೆಲವೊಮ್ಮೆ ಒಂದೇ ದೃಶ್ಯದಲ್ಲಿ ಎರಡೂ ಇರುತ್ತವೆ.

ನೀವು ನೋಡಿದ ಚಿತ್ರದಿಂದಲೇ ಶುರು ಮಾಡೋಣ. ಭಾರತೀಸುತರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1973ರಲ್ಲಿ ತೆರೆಗೆ ತಂದರು. ಮಾಧವಿಯ ಪಾತ್ರಕ್ಕೆ ಆರಿಸಿದ್ದು ಜಯಂತಿಯವರನ್ನು. 1965ರ ‘ಮಿಸ್ ಲೀಲಾವತಿ’ಯಲ್ಲಿ ಈಜುಡುಗೆ ತೊಟ್ಟು ಸುದ್ದಿಯಾಗಿದ್ದ ನಟಿ ಅವರು. ಆದರೆ ಪ್ರೇಕ್ಷಕರನ್ನು ನಿಜವಾಗಿ ಕಂಗೆಡಿಸಿದ್ದು ಸೀರೆಯುಟ್ಟ ಮಾಧವಿಯೇ ಇರಬೇಕು. ಯಾಕೆಂದರೆ ಇವಳು ಕ್ಲಬ್ಬಿನಲ್ಲಿ ಕುಣಿಯುವವಳಲ್ಲ, ಗೃಹಿಣಿ. ಗಂಡನ ಮೇಲೆ ಗೌರವವಿದೆ, ಮೈಯಲ್ಲಿ ಬೇರೊಬ್ಬ ಯುವಕನ ಮೇಲಿನ ಆಸೆಯೂ ಇದೆ. ಅದಕ್ಕೆ ಮುಂಚೆ ನಮ್ಮ ತೆರೆಯ ಮೇಲೆ ಹೀಗೆ ಆಸೆಪಡುವವಳು ಖಳನಾಯಕಿಯೇ ಆಗಿರಬೇಕಿತ್ತು. ಎಂ. ರಂಗರಾವ್ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ ‘ವಿರಹಾ ನೂರು ನೂರು ತರಹ’ವನ್ನು ಇನ್ನೊಮ್ಮೆ ಕೇಳಿ. ಅಲ್ಲಿ ಬಯಸುತ್ತಿರುವವಳು ಅವಳು. ಯಾರೋ ತನ್ನನ್ನು ಬಯಸಲಿ ಎಂದು ಅಣಿಯಾಗಿ ನಿಂತ ಹೆಣ್ಣಿನ ಹಾಡಲ್ಲ ಅದು. ನೀವು ಧೈರ್ಯ ಎಂದು ಗುರುತಿಸಿದ್ದು ಇದನ್ನೇ, ಅದರಲ್ಲಿ ತಪ್ಪಿಲ್ಲ.

ಈಗ ಮಗಳ ಕಣ್ಣಿನಿಂದ ನೋಡಿ. ಮಾಧವಿಗೆ ಆಸೆಪಡಲು ಚಿತ್ರ ಮೊದಲು ಒಂದು ಪರವಾನಗಿ ಬರೆದುಕೊಡಬೇಕಾಯಿತು. ಗಂಡ ಸೈನ್ಯದಲ್ಲಿದ್ದವನು, ಗಾಯಗೊಂಡು ದಾಂಪತ್ಯಕ್ಕೆ ಅಶಕ್ತನಾದವನು. ಆ ಗಾಯ ಇಲ್ಲದಿದ್ದರೆ? ಗಂಡ ಗಟ್ಟಿಮುಟ್ಟಾಗಿದ್ದೂ ಹೆಂಡತಿಗೆ ಬೇರೊಬ್ಬನ ಮೇಲೆ ಮನಸ್ಸಾಗಿದ್ದರೆ ಆ ಕಥೆಯನ್ನು 1973ರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಪರವಾನಗಿ ಸಿಕ್ಕಿದ ಮೇಲೂ ಮಾಧವಿಯ ಕಥೆ ಸುಖವಾಗಿ ಮುಗಿಯುವುದಿಲ್ಲ. ಆಸೆಯ ಹಿಂದೆಯೇ ಪಾಪಪ್ರಜ್ಞೆ ಬರುತ್ತದೆ, ಅದರ ಹಿಂದೆ ದುರಂತ. ಪುಟ್ಟಣ್ಣನವರಿಗೆ ಹೆಣ್ಣಿನ ಸಂಕಟ ನಮ್ಮ ಬೇರೆ ನಿರ್ದೇಶಕರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ಸುಖದ ಮೇಲೆ ಅಷ್ಟು ಭರವಸೆ ಇರಲಿಲ್ಲ ಎಂದು ನನಗನಿಸುತ್ತದೆ.

ಇದು ಕನ್ನಡದ ಕಾಯಿಲೆ ಎಂದುಕೊಳ್ಳಬೇಡಿ. ಹಾಲಿವುಡ್‌ನಲ್ಲಿ 1934ರಿಂದ 1968ರವರೆಗೆ ಚಿತ್ರೋದ್ಯಮ ತಾನೇ ಹೇರಿಕೊಂಡಿದ್ದ ನೀತಿಸಂಹಿತೆ ಜಾರಿಯಲ್ಲಿತ್ತು. ವ್ಯಭಿಚಾರವನ್ನು ಆಕರ್ಷಕವಾಗಿ ತೋರಿಸಬಾರದು, ತಪ್ಪು ಮಾಡಿದವರ ಬಗ್ಗೆ ಪ್ರೇಕ್ಷಕರಲ್ಲಿ ಸಹಾನುಭೂತಿ ಹುಟ್ಟಿಸಬಾರದು ಎಂಬುದೆಲ್ಲ ಅದರಲ್ಲಿ ಅಕ್ಷರದಲ್ಲೇ ಇತ್ತು. 1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ ಬಾರ್ಬರಾ ಸ್ಟ್ಯಾನ್‌ವಿಕ್ ಇಡೀ ಚಿತ್ರವನ್ನು ತನ್ನ ಕಣ್ಣಂಚಿನಲ್ಲಿ ಆಡಿಸಿ ಕೊನೆಗೆ ಗುಂಡೇಟು ತಿನ್ನುತ್ತಾಳೆ. ಅಲ್ಲಿ ಬರೆದಿಟ್ಟ ನಿಯಮ ಮಾಡಿದ ಕೆಲಸವನ್ನು ನಮ್ಮಲ್ಲಿ ‘ಫ್ಯಾಮಿಲಿ ಆಡಿಯನ್ಸ್’ ಎಂಬ ಭಯವೇ ಮಾಡಿತು.

ಪುಟ್ಟಣ್ಣನವರ ಇನ್ನೊಂದು ಚಿತ್ರ ಈ ಲೆಕ್ಕಾಚಾರವನ್ನು ಇನ್ನೂ ಖಡಾಖಂಡಿತವಾಗಿ ಬಿಡಿಸಿಡುತ್ತದೆ. ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಶರಪಂಜರ’, 1971. ಕಲ್ಪನಾ ಮಾಡಿದ ಕಾವೇರಿ ಗಂಡನನ್ನು ಮನಸಾರೆ ಪ್ರೀತಿಸುವವಳು. ಎರಡನೆಯ ಹೆರಿಗೆಯ ನಂತರ ಮನಸ್ಸು ಕದಡುತ್ತದೆ. ಆ ಸ್ಥಿತಿಯಲ್ಲಿ ಮದುವೆಗೆ ಮುಂಚಿನ ಒಂದು ಕಹಿ ಘಟನೆ ಬಾಯಿಂದ ಹೊರಬೀಳುತ್ತದೆ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದರೆ ಗಂಡ ಹತ್ತಿರ ಸೇರಿಸುವುದಿಲ್ಲ. ಅಷ್ಟೇ ಆಗಿದ್ದರೆ ಅದು ಸಂಶಯಪಿಶಾಚಿ ಗಂಡನ ಮಾಮೂಲಿ ಕಥೆ. ಆದರೆ ಈ ಅವಧಿಯಲ್ಲಿ ಅವನಿಗೇ ಇನ್ನೊಬ್ಬಳ ಜೊತೆ ಸಂಬಂಧ ಬೆಳೆದಿರುತ್ತದೆ. ಅವಳದು ಎಂದೋ ಆದದ್ದು, ಅವಳು ಬೇಡವೆಂದರೂ ಬೆನ್ನುಹತ್ತಿದ್ದು. ಅವನದು ಈಗ ನಡೆಯುತ್ತಿರುವುದು, ಬೇಕೆಂದೇ ಮಾಡುತ್ತಿರುವುದು. ಹುಚ್ಚಿ ಎಂಬ ಪಟ್ಟ ಮಾತ್ರ ಅವಳಿಗೆ. ‘ಹದಿನಾಲ್ಕು ವರ್ಷ ವನವಾಸದಿಂದ’ ಮರಳಿ ಬಂದ ಸೀತೆಯ ಹಾಡನ್ನು ಪುಟ್ಟಣ್ಣ ಸುಮ್ಮನೆ ಇಟ್ಟಿಲ್ಲ. ಥಿಯೇಟರಿನಲ್ಲಿ ಕಣ್ಣೀರು ಹಾಕಿದ ಹೆಂಗಸರಿಗೆ ಅದರ ಅರ್ಥ ಬಿಡಿಸಿ ಹೇಳುವ ಅಗತ್ಯವೂ ಇರಲಿಲ್ಲ. ಈ ಚಿತ್ರ ಕಾವೇರಿಯಿಂದ ಬಡ್ಡಿ ವಸೂಲಿ ಮಾಡುತ್ತದೆ ನಿಜ. ಜೊತೆಗೆ, ಇವಳು ಸಾಲವನ್ನೇ ಮಾಡಿಲ್ಲ ಎಂದು ನಮಗೆ ತೋರಿಸಿಯೂ ಬಿಡುತ್ತದೆ. ಶೋಷಣೆಯನ್ನು ತೋರಿಸುವ ಚಿತ್ರಕ್ಕೂ ಶೋಷಿಸುವ ಚಿತ್ರಕ್ಕೂ ಇರುವ ವ್ಯತ್ಯಾಸ ಇಷ್ಟೇ. ‘ಅವಳಿಗೆ ಹೀಗಾಗಬಾರದಿತ್ತು’ ಎಂದು ಎದ್ದು ಬರುತ್ತೀರೋ, ‘ಅವಳಿಗೆ ಹೀಗೇ ಆಗಬೇಕಿತ್ತು’ ಎಂದುಕೊಳ್ಳುತ್ತೀರೋ, ನೋಡಿಕೊಳ್ಳಿ.

1969ರ ‘ಗೆಜ್ಜೆಪೂಜೆ’ಯ ಪಾಡು ಬೇರೆ. ಎಂ.ಕೆ. ಇಂದಿರಾ ಅವರ ಕಾದಂಬರಿಯ ಆ ದೇವದಾಸಿಯರ ಮನೆಯಲ್ಲಿ ಯಜಮಾನಿಕೆ ಹೆಂಗಸರದು. ಅಜ್ಜಿ, ತಾಯಿ, ಮಗಳು. ಬಂದುಹೋಗುವ ಗಂಡಸರಿಗೆ ಅಲ್ಲಿ ಅಧಿಕಾರವಿಲ್ಲ. ಮೇಲ್ನೋಟಕ್ಕೆ ಇದಕ್ಕಿಂತ ಶಕ್ತಿ ಬೇಕೇ ಎನಿಸಬಹುದು. ಆದರೆ ಓದಿನಲ್ಲಿ ಮುಂದಿರುವ ಚಂದ್ರಾ ಮದುವೆಯಾಗಿ ಎಲ್ಲರಂತೆ ಬದುಕಬೇಕೆಂದು ಹೊರಟಾಗ, ಆ ಮನೆಯ ಶಕ್ತಿಯೆಲ್ಲ ಹೊಸ್ತಿಲ ಒಳಗಿನದು ಎಂಬುದು ಬಯಲಾಗುತ್ತದೆ. ಊರಿನ ಮರ್ಯಾದಸ್ಥರು ರಾತ್ರಿ ಬರಲು ಸಿದ್ಧ, ಹಗಲಲ್ಲಿ ಸೊಸೆ ಮಾಡಿಕೊಳ್ಳಲು ಸಿದ್ಧರಿಲ್ಲ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಈ ಚಿತ್ರ ಬಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಇನ್ನು ನನಗೆ ತುಂಬ ಇಷ್ಟವಾದ ಒಂದು ಹೋಲಿಕೆಯಿದೆ. ಎರಡು ಕನ್ನಡ ಚಿತ್ರಗಳಲ್ಲಿ ಹೆಣ್ಣೊಬ್ಬಳು ಹಾವಿನ ಹುತ್ತಕ್ಕೆ ಕೈ ಹಾಕುತ್ತಾಳೆ.

ಮೊದಲನೆಯದು ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆ, 1977ರಲ್ಲಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ್ದು, ಆ ವರ್ಷದ ಸ್ವರ್ಣಕಮಲ ಪಡೆದದ್ದು. ವೈದಿಕ ಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಾ ವಿಧವೆ. ಊರಿನ ಮೇಷ್ಟ್ರೊಬ್ಬನಿಂದ ಬಸುರಾಗುತ್ತಾಳೆ. ಆ ಸಂಬಂಧ ಹೇಗೆ ಬೆಳೆಯಿತು, ಅದರಲ್ಲಿ ಅವಳಿಗೆ ಸುಖವಿತ್ತೇ ಎಂಬುದನ್ನು ಕ್ಯಾಮೆರಾ ಕೆದಕಲು ಹೋಗುವುದಿಲ್ಲ. ನಾವು ನೋಡುವುದೆಲ್ಲ ಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಳತೆಯಲ್ಲಿ. ಅವನಿಗೆ ಗೊತ್ತಿರುವುದು ಯಮುನಕ್ಕನ ಅಕ್ಕರೆ, ಅವಳ ಅಳು, ದೊಡ್ಡವರ ಪಿಸುಮಾತು ಮಾತ್ರ. ಸಾಯಬೇಕೆಂದು ಅವಳು ಹುತ್ತಕ್ಕೆ ಕೈ ಹಾಕುವಾಗಲೂ ಜೊತೆಗಿರುವವನು ಅವನೇ. ಹಾವು ಬರುವುದಿಲ್ಲ, ಪವಾಡವೂ ಆಗುವುದಿಲ್ಲ. ಬದುಕಿರುವ ಮಗಳಿಗೆ ಅಪ್ಪ ಘಟಶ್ರಾದ್ಧ ಮಾಡಿ, ಅಂದರೆ ಮಡಕೆ ಒಡೆದು ಸತ್ತವರಿಗೆ ಮಾಡುವ ಕರ್ಮ ಮುಗಿಸಿ, ಜಾತಿಯಿಂದ ಹೊರಗಿಡುತ್ತಾನೆ. ತಲೆ ಬೋಳಿಸಿ ಮರದಡಿ ಒಂಟಿಯಾಗಿ ಕೂತ ಅವಳನ್ನು ನಾಣಿ ಬಿಟ್ಟು ಹೋಗಬೇಕಾಗುತ್ತದೆ. ಅತ್ತ ಉಡುಪರಿಗೆ ಹದಿಹರೆಯದ ಹುಡುಗಿಯೊಬ್ಬಳ ಜೊತೆ ಮದುವೆಯ ಮಾತು. ಈ ಕೊನೆಯ ಸುದ್ದಿಯನ್ನು ಕಾಸರವಳ್ಳಿ ದನಿ ಎತ್ತರಿಸದೆ ಹೇಳಿಬಿಡುತ್ತಾರೆ. ಮುದುಕನ ಕಾಮಕ್ಕೆ ಹೋಮ, ಮಂತ್ರ, ಊಟ. ಮಗಳ ಕಾಮಕ್ಕೆ ಒಡೆದ ಮಡಕೆ.

ಎರಡನೆಯದು ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ಟಿ.ಎಸ್. ನಾಗಾಭರಣ 1997ರಲ್ಲಿ ತೆಗೆದ ‘ನಾಗಮಂಡಲ’. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ತನ್ನವಳ ಮನೆಗೆ ಹೋಗುವವನು. ಮಧ್ಯಾಹ್ನ ಊಟಕ್ಕಷ್ಟೇ ಬರುವವನು. ಗಂಡ ಒಲಿಯಲೆಂದು ಸಿಕ್ಕಿದ ಬೇರನ್ನು ಅರೆದು ಸಾರಿಗೆ ಹಾಕಿದರೆ ಅದರ ಬಣ್ಣ ನೋಡಿಯೇ ರಾಣಿ ಹೆದರಿ ಹುತ್ತಕ್ಕೆ ಸುರಿದು ಬರುತ್ತಾಳೆ. ಅದನ್ನು ಕುಡಿದ ನಾಗ ರಾತ್ರಿ ಹೊತ್ತು ಅಪ್ಪಣ್ಣನ ರೂಪದಲ್ಲಿ ಬರುತ್ತಾನೆ. ಹಗಲಿನ ಗಂಡ, ರಾತ್ರಿಯ ಗಂಡ ಎರಡೂ ಪಾತ್ರ ಪ್ರಕಾಶ್ ರೈ ಅವರದು. ಅದೇ ಮುಖ ಹಗಲಲ್ಲಿ ಒದ್ದು, ರಾತ್ರಿ ತಲೆ ನೇವರಿಸುವುದನ್ನು ನೋಡುವುದೇ ಒಂದು ಅನುಭವ. ರಾಣಿಯ ಪಾತ್ರದಲ್ಲಿ ವಿಜಯಲಕ್ಷ್ಮಿ ಹೆದರಿದ ಹುಡುಗಿಯಿಂದ ಬಯಕೆ ತುಂಬಿದ ಹೆಣ್ಣಾಗುತ್ತಾ ಹೋಗುತ್ತಾರೆ. ಮುಟ್ಟಿದ್ದೇ ಇಲ್ಲ, ಬಸುರು ಹೇಗಾಯಿತು ಎಂದು ಗಂಡ ಪಂಚಾಯಿತಿ ಸೇರಿಸುತ್ತಾನೆ. ರಾಣಿ ನಾಗದಿವ್ಯಕ್ಕೆ, ಅಂದರೆ ಹಾವು ಹಿಡಿದು ಆಣೆ ಮಾಡುವ ಸತ್ಯಪರೀಕ್ಷೆಗೆ, ಒಪ್ಪಿ ಹುತ್ತಕ್ಕೆ ಕೈ ಹಾಕುತ್ತಾಳೆ. ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಎಂದು ಆಣೆ ಮಾಡುತ್ತಾಳೆ. ಅಕ್ಷರಶಃ ನಿಜ! ನಾಗ ಕಚ್ಚುವುದಿಲ್ಲ, ಹೆಡೆಯೆತ್ತಿ ನೆರಳಾಗುತ್ತದೆ. ಊರು ಅವಳನ್ನು ದೇವಿಯೆಂದು ಕಾಲಿಗೆ ಬೀಳುತ್ತದೆ.

ಯಮುನಾಗೆ ಒದಗದ ಪವಾಡ ರಾಣಿಗೆ ಒದಗಿತು. ಹಾಗಾದರೆ ‘ನಾಗಮಂಡಲ’ ಶಕ್ತಿಯ ಚಿತ್ರ ಅನ್ನೋಣವೇ? ಒಂದು ಮಟ್ಟಿಗೆ ಹೌದು. ಸುಖವೂ ಸಿಕ್ಕಿತು, ಮಗುವೂ ಸಿಕ್ಕಿತು, ಗಂಡನೂ ಬಗ್ಗಿದ, ಅವಳು ಬಡ್ಡಿ ಕಟ್ಟಲಿಲ್ಲ. ನಮ್ಮ ಜನಪದ ಕಥೆ ಹೇಳುವ ಅಜ್ಜಿಯರಿಗೆ ಗೊತ್ತಿದ್ದ ಉಪಾಯ ಇದು: ಕಟ್ಟಳೆಯನ್ನು ಮುರಿಯದೆಯೇ ಅದರ ಸಂದಿಯಲ್ಲಿ ನುಸುಳಿ ಆಚೆ ಬರುವುದು. ಆದರೆ ಇದಕ್ಕೆ ಕಥೆ ಎರಡು ಕರಾರು ಹಾಕಿದೆ. ಬಂದವನು ಗಂಡನಲ್ಲ ಎಂಬುದು ರಾಣಿಗೆ ಗೊತ್ತಿರಬಾರದು. ಗೊಂದಲ ಬಂದರೂ ಕೆದಕಬಾರದು, ಗೊತ್ತಿದ್ದೂ ಸುಖಪಟ್ಟಿದ್ದರೆ ಅವಳು ಯಮುನಾ ಆಗಿಬಿಡುತ್ತಿದ್ದಳು. ಇನ್ನೊಂದು, ಬದುಕಬೇಕಾದರೆ ಅವಳು ದೇವಿಯಾಗಬೇಕು. ದೇವಿಗೆ ಹೂವು, ಕುಂಕುಮ, ನೈವೇದ್ಯ ಎಲ್ಲ ಸಲ್ಲುತ್ತದೆ. ಅವಳಿಗೆ ರಾತ್ರಿ ಯಾರು ಬೇಕು ಎಂದು ಯಾರೂ ಕೇಳುವುದಿಲ್ಲ. 90ರ ದಶಕದಲ್ಲಿ ಮಾಲಾಶ್ರೀ ಖಾಕಿ ತೊಟ್ಟು ರೌಡಿಗಳನ್ನು ಹೊಡೆದುರುಳಿಸಿದಾಗ ಶಿಳ್ಳೆ ಹಾಕಿದ ಪ್ರೇಕ್ಷಕರೂ ಇದೇ ಕರಾರಿಗೆ ರುಜು ಹಾಕಿದವರೇ. ಶಕ್ತಿ ಎಷ್ಟಾದರೂ ಇರಲಿ, ಆಸೆ ಮಾತ್ರ ಬೇಡ.

‘ಸಂಸ್ಕಾರ’ದ (1970) ಬಗ್ಗೆ ಒಂದೆರಡು ಮಾತು ಸಾಕು. ಸ್ನೇಹಲತಾ ರೆಡ್ಡಿಯವರ ಚಂದ್ರಿಗೆ ತನ್ನ ಮೈಯ ಬಗ್ಗೆ ನಾಚಿಕೆಯಿಲ್ಲ, ಪಾಪಪ್ರಜ್ಞೆಯಿಲ್ಲ. ಅಗ್ರಹಾರದಲ್ಲಿ ನೆಟ್ಟಗೆ ನಿಂತವಳು ಅವಳೊಬ್ಬಳೇ. ಎಲ್ಲರೂ ಶಾಸ್ತ್ರ ಹುಡುಕುತ್ತಾ ಕೂತಾಗ ತನ್ನ ಜೊತೆ ಬಾಳಿದ್ದ ನಾರಣಪ್ಪನ ಹೆಣಕ್ಕೆ ಬೆಂಕಿ ಕೊಡಿಸುವವಳೂ ಅವಳೇ. ಆದರೂ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರೂ ಅವಳೂ ಕೂಡಿದ ಕಾಡಿನ ರಾತ್ರಿ ಕಳೆದ ಮೇಲೆ ಕಥೆ ಆಚಾರ್ಯರ ಹಿಂದೆ ಹೊರಡುತ್ತದೆ. ಅವರ ತಳಮಳ ಏನು, ಅವರು ಮುಂದೇನು ಮಾಡುತ್ತಾರೆ ಎಂಬುದೇ ನಮ್ಮ ಚಿಂತೆ. ಚಂದ್ರಿ ಎತ್ತ ಹೋದಳು ಎಂದು ಎಷ್ಟು ಜನ ಯೋಚಿಸಿದ್ದೇವೆ? ಗಂಡಸಿನ ಜ್ಞಾನೋದಯಕ್ಕೆ ಹೆಣ್ಣಿನ ಮೈ ಮೆಟ್ಟಿಲಾಗುವ ಕಥೆ ದೊಡ್ಡ ದೊಡ್ಡ ಕೃತಿಗಳಲ್ಲೂ ಹೀಗೆ ಸದ್ದಿಲ್ಲದೆ ಕೂತಿರುತ್ತದೆ.

ಈಗ ಐಟಂ ಸಾಂಗ್. ಮಗಳ ಜೊತೆ ಕೂತು ಒಂದು ಹಾಡನ್ನು ಟಿವಿಯ ಸದ್ದು ಪೂರ್ತಿ ತೆಗೆದು ನೋಡಿ. ಬೀಟ್ ಇಲ್ಲದಿದ್ದಾಗ ಕ್ಯಾಮೆರಾ ಏನು ಮಾಡುತ್ತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಕಾಲು, ಆಮೇಲೆ ಸೊಂಟ, ಬೆನ್ನು, ತುಟಿ. ಮುಖ ಪೂರ್ತಿ ಕಾಣುವಷ್ಟರಲ್ಲಿ ಪಲ್ಲವಿ ಅರ್ಧ ಮುಗಿದಿರುತ್ತದೆ. ಸುತ್ತ ಗಂಡಸರ ದಂಡು. ಪ್ರತಿ ಸಲ ಅವಳು ಮೈ ಕುಲುಕಿದಾಗ ಒಂದು ಕಟ್, ಬಾಯಿ ತೆರೆದ ಒಬ್ಬನ ಮುಖ. ಎಲ್ಲಿ ನೋಡಬೇಕು, ಹೇಗೆ ನೋಡಬೇಕು ಎಂದು ನಮಗೆ ಕಲಿಸುವ ಮುಖ ಅದು. ಎರಡನೆಯ ಚರಣಕ್ಕೆ ಹೀರೋ ಬರುತ್ತಾನೆ. ಹಾಡು ಮುಗಿದ ಮೇಲೆ ಅವಳು ಕಥೆಯಲ್ಲೇ ಇರುವುದಿಲ್ಲ. ಅವಳಿಗೊಂದು ಹೆಸರೂ ಇರುವುದಿಲ್ಲ. ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲೇ ಬರೆದ ಪ್ರಬಂಧದಲ್ಲಿ ಈ ಯಂತ್ರವನ್ನು ಬಿಚ್ಚಿ ತೋರಿಸಿದ್ದರು. ಕ್ಯಾಮೆರಾದ ನೋಟ, ತೆರೆಯ ಮೇಲಿನ ಗಂಡಿನ ನೋಟ, ಪ್ರೇಕ್ಷಕನ ನೋಟ ಮೂರೂ ಒಂದಾಗಿ ಹೆಣ್ಣಿನ ಮೇಲೆ ಬೀಳುತ್ತವೆ ಎಂಬುದು ಅವರ ವಾದ. ಹಾಡಿನ ಸಾಹಿತ್ಯದಲ್ಲಿ ಅವಳು ‘ನಾನು ಬೆಂಕಿ, ನಾನು ರಾಣಿ’ ಎಂದು ಎಷ್ಟೇ ಹೇಳಿಕೊಂಡರೂ ಅವಳಿಗೆ ಯಾರು ಬೇಕು ಎಂಬುದು ಆ ನಾಲ್ಕು ನಿಮಿಷದಲ್ಲಿ ನಮಗೆ ತಿಳಿಯುವುದಿಲ್ಲ. ‘ವಿರಹಾ’ದಲ್ಲಿ ಮಾಧವಿಗೆ ಏನು ಬೇಕು ಎಂಬುದು ಮೊದಲ ಸಾಲಿಗೇ ಗೊತ್ತಾಗುತ್ತದಲ್ಲ.

ಆದರೂ ಮಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಅವಳು ನೋಡುತ್ತಿರುವುದು ಪಾತ್ರವನ್ನಲ್ಲ, ನಟಿಯನ್ನು. ಕುಣಿಯುವುದು ಕಷ್ಟದ ಕಸುಬು. ಒಪ್ಪಿ ಬಂದು, ಸಂಭಾವನೆ ಪಡೆದು, ಮೈಮುರಿದು ದುಡಿಯುವವಳನ್ನು ಕೀಳಾಗಿ ನೋಡುವ ಹಕ್ಕು ನಮಗಿಲ್ಲ. ನಿಮ್ಮ ಸಿಟ್ಟು ಕ್ಯಾಮೆರಾ ಹಿಂದಿರುವವರ ಮೇಲಿರಲಿ, ಅವಳ ಮೇಲೆ ಬೇಡ. ಹಿಂದೆ ನಾಯಕಿ ತುಳಸಿಕಟ್ಟೆ ಸುತ್ತುತ್ತಿದ್ದಳು, ಕ್ಯಾಬರೆ ಮಾಡಲು ಜ್ಯೋತಿಲಕ್ಷ್ಮಿ, ಜಯಮಾಲಿನಿ ಬರುತ್ತಿದ್ದರು. ಕೆಲಸ ಹಂಚಿಕೆಯಾಗಿತ್ತು. ಈಗ ಆ ಗೋಡೆ ಬಿದ್ದಿದೆ, ದೊಡ್ಡ ನಾಯಕಿಯರೇ ಆ ಹಾಡುಗಳನ್ನು ಮಾಡುತ್ತಾರೆ. ಇದನ್ನು ನಾನು ಒಳ್ಳೆಯದೆಂದೇ ಎಣಿಸುತ್ತೇನೆ. ‘ಒಳ್ಳೆಯ ಹೆಣ್ಣು, ಕೆಟ್ಟ ಹೆಣ್ಣು’ ಎಂಬ ಹಳೇ ವಿಭಜನೆ ಸ್ವಲ್ಪವಾದರೂ ಸಡಿಲವಾಯಿತು.

ಆ ಗೋಡೆಯ ಆಚೆ ಇದ್ದವರಲ್ಲಿ ಸಿಲ್ಕ್ ಸ್ಮಿತಾ ಹೆಸರು ಹೇಳದೆ ಮುಂದೆ ಹೋಗಲಾಗದು. 1980ರ ತಮಿಳು ಚಿತ್ರವೊಂದರಲ್ಲಿ ಮಾಡಿದ ಪಾತ್ರದ ಹೆಸರೇ ಅವರಿಗೆ ಅಂಟಿಕೊಂಡಿತು. ಡಬ್ಬದಲ್ಲಿ ಕೂತು ಧೂಳು ತಿನ್ನುತ್ತಿದ್ದ ಚಿತ್ರಗಳು ಅವರದೊಂದು ಹಾಡು ಸೇರಿಸಿದ ಮೇಲೆ ವ್ಯಾಪಾರವಾದವು ಎಂಬ ಮಾತು ಗಾಂಧಿನಗರದಿಂದ ಕೋಡಂಬಾಕ್ಕಂವರೆಗೆ ಎಲ್ಲರ ಬಾಯಲ್ಲಿತ್ತು. ಕನ್ನಡದಲ್ಲಿ ನೀವು ಅವರನ್ನು ‘ಹಳ್ಳಿ ಮೇಷ್ಟ್ರು’ ಚಿತ್ರದಲ್ಲಿ ನೋಡಿರುತ್ತೀರಿ. ಮಾರುಕಟ್ಟೆಯಲ್ಲಿ ಇಷ್ಟು ಶಕ್ತಿಯಿದ್ದ ನಟಿಗೆ ಕಥೆಯಲ್ಲಿ ಎಂಥ ಪಾತ್ರ ಸಿಕ್ಕಿತು? 1996ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ತಮ್ಮ ಮನೆಯಲ್ಲಿ ಸತ್ತಾಗ ವಯಸ್ಸು ಮೂವತ್ತೈದು. 2011ರಲ್ಲಿ ಅವರ ಬದುಕಿನಿಂದ ಸ್ಫೂರ್ತಿ ಪಡೆದ ‘ದಿ ಡರ್ಟಿ ಪಿಕ್ಚರ್’ ಬಂತು, ವಿದ್ಯಾ ಬಾಲನ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆ ಚಿತ್ರ ನಟಿಯ ಬಗ್ಗೆ ಮರುಗುತ್ತಲೇ ಅವಳನ್ನು ಮಾರಿದ ರೀತಿಯಲ್ಲೇ ತನ್ನ ಪೋಸ್ಟರನ್ನೂ ಮಾರಿಕೊಂಡಿತು.

ಸೆನ್ಸಾರ್‌ನವರು ಇದನ್ನೆಲ್ಲ ಸರಿಮಾಡುತ್ತಾರೆ ಎಂದು ಕಾಯಬೇಡಿ. ಹೆಣ್ಣನ್ನು ಹೀನಾಯವಾಗಿ ತೋರಿಸಬಾರದು ಎಂಬ ಮಾರ್ಗಸೂಚಿ ಅವರಲ್ಲಿ ಇದೆ. ಅದು ಐಟಂ ಹಾಡಿಗೆ ಅಷ್ಟಾಗಿ ಅಡ್ಡ ಬಂದದ್ದು ಕಾಣೆ. 2017ರ ಜನವರಿಯಲ್ಲಿ ಅವರು ಪ್ರಮಾಣಪತ್ರ ನಿರಾಕರಿಸಿದ್ದು ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಚಿತ್ರಕ್ಕೆ. ಕಥೆ ಹೆಂಗಸರ ಕಡೆಯದು, ಅವರ ಕನಸು ಕಲ್ಪನೆ ಬದುಕನ್ನು ಮೀರಿದ್ದು ಎಂಬ ಅರ್ಥದ ಒಕ್ಕಣೆ ಆ ಪತ್ರದಲ್ಲಿತ್ತು. ರತ್ನಾ ಪಾಠಕ್ ಶಾ ಮಾಡಿದ ಐವತ್ತು ದಾಟಿದ ವಿಧವೆ ಅದರಲ್ಲಿ ಕದ್ದು ಶೃಂಗಾರದ ಪುಸ್ತಕ ಓದುತ್ತಾಳೆ. ಮೇಲ್ಮನವಿ ಮಂಡಳಿ ಮಧ್ಯೆ ಬಂದು ‘ಎ’ ಪ್ರಮಾಣಪತ್ರ ಕೊಡಿಸಿದ್ದರಿಂದ ಅದೇ ಜುಲೈನಲ್ಲಿ ಚಿತ್ರ ಬಿಡುಗಡೆಯಾಯಿತು. ಆ ಮಂಡಳಿಯನ್ನೂ 2021ರಲ್ಲಿ ರದ್ದು ಮಾಡಿದರು.

ಬಡ್ಡಿ ಕಟ್ಟಿಸಿಕೊಳ್ಳದ ಕನ್ನಡ ಚಿತ್ರ ಯಾವುದಾದರೂ ಇದೆಯೇ ಎಂದು ನೀವು ಕೇಳಬಹುದು. ಹತ್ತಿರಕ್ಕೆ ಬಂದವು ಇವೆ. 2018ರ ‘ನಾತಿಚರಾಮಿ’, ಮಂಸೋರೆ ನಿರ್ದೇಶನದ್ದು. ಶ್ರುತಿ ಹರಿಹರನ್ ಮಾಡಿದ ಗೌರಿ ನಗರದಲ್ಲಿ ಕೆಲಸ ಮಾಡುವ ವಿಧವೆ. ಸತ್ತ ಗಂಡನ ಮೇಲೆ ಪ್ರೀತಿ ಹಾಗೇ ಇದೆ, ಮೈಗೆ ಮಾತ್ರ ಹಸಿವು. ಅದನ್ನು ಅವಳು ಪ್ರೇಮ ಎಂದು ಅಲಂಕರಿಸಿ ಹೇಳುವುದಿಲ್ಲ, ಬೇಕಾದದ್ದನ್ನು ನೇರವಾಗಿ ಕೇಳುತ್ತಾಳೆ. ಕೇಳಿಸಿಕೊಂಡ ಗಂಡಸು ತಬ್ಬಿಬ್ಬಾಗುತ್ತಾನೆ. ಆ ಗಂಡಸಿನ ಮನೆಯಲ್ಲಿರುವ ಹೆಂಡತಿಯ ಕಡೆಗೂ ಚಿತ್ರ ತಿರುಗಿ ನೋಡುತ್ತದೆ. ನನಗೆ ಇದು ಮುಖ್ಯವಾಗಿ ಕಂಡಿತು. ಒಬ್ಬಳ ಬಿಡುಗಡೆಯ ಬೆಲೆ ಇನ್ನೊಬ್ಬ ಹೆಣ್ಣಿನ ಲೆಕ್ಕಕ್ಕೆ ಬೀಳಬಾರದಲ್ಲ. ಚಿತ್ರಕ್ಕೆ ಐದು ರಾಷ್ಟ್ರಪ್ರಶಸ್ತಿ ಬಂತು.

ಇನ್ನೊಂದು ಅದಕ್ಕಿಂತ ಹಳೆಯದು, ಪ್ರೇಮಾ ಕಾರಂತರ ‘ಫಣಿಯಮ್ಮ’ (1983). ಎಂ.ಕೆ. ಇಂದಿರಾ ಅವರ ಕಾದಂಬರಿ. ಫಣಿಯಮ್ಮ ಬಾಲವಿಧವೆ. ಗಂಡನ ಮುಖವೇ ಸರಿಯಾಗಿ ನೆನಪಿಲ್ಲದವಳಿಗೆ ಇಡೀ ಜನ್ಮದ ಮಡಿ. ಕಾಮ ಎಂಬುದೇ ಬೇಡವೆಂದು ಬದುಕಿದವಳು. ಇಂಥವಳ ಎದುರಿಗೆ ದಾಕ್ಷಾಯಿಣಿ ಎಂಬ ಯುವ ವಿಧವೆ ಬರುತ್ತಾಳೆ. ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿಯುತ್ತಾಳೆ, ಮುಂದೆ ಮೈದುನನಿಂದ ಬಸುರಾಗುತ್ತಾಳೆ. ಊರೆಲ್ಲ ಉಗಿಯುವಾಗ ಅವಳ ಪರ ನಿಲ್ಲುವವಳು ಮಡಿ ಹೆಂಗಸು ಫಣಿಯಮ್ಮ. ತನಗೆ ಬೇಡವಾದದ್ದು ಇನ್ನೊಬ್ಬಳಿಗೆ ಬೇಕಿರಬಹುದು ಎಂದು ಅವಳಿಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ನಮ್ಮ ಚಿತ್ರರಂಗದಲ್ಲಿ ಹೆಣ್ಣಿನ ಕಾಮದ ಪರವಾಗಿ ಆಡಿದ ಅತ್ಯಂತ ಗಟ್ಟಿ ಮಾತು ಇದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಮೈ ತೋರಿಸುವ ಒಂದು ಶಾಟೂ ಬೇಕಾಗಲಿಲ್ಲ.

ಮುಂದಿನ ಸಲ ಇಬ್ಬರೂ ಕೂತಾಗ ‘ಫಣಿಯಮ್ಮ’ ಮೊದಲು, ‘ಘಟಶ್ರಾದ್ಧ’ ಆಮೇಲೆ ನೋಡಿ. ಎರಡನೆಯದರ ಹೊಸದಾಗಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿದೆ. ಎಲ್ಲಾದರೂ ಪ್ರದರ್ಶನ ಇದ್ದರೆ ದೊಡ್ಡ ಪರದೆಯಲ್ಲೇ ನೋಡಿ. ಹುತ್ತದ ದೃಶ್ಯದ ಕತ್ತಲೆ ಯೂಟ್ಯೂಬಿನಲ್ಲಿ ಬರೀ ಕಪ್ಪಾಗಿ ಕಾಣುತ್ತದೆ.